ಐದು ನಿಮಿಷದ ಕೈ

ಪ್ರಮೀಳಾಳ ಎರಡು ಬೆರಳು ಹೋದ ದಿನ ಕಂಪನಿಯಲ್ಲಿ ಪಾಯಸ ಮಾಡಿಸಿದ್ದರು. ತಿಂಗಳ ಟಾರ್ಗೆಟ್ಟು ಮೂರು ದಿನ ಮುಂಚೆಯೇ ಮುಟ್ಟಿತ್ತು. ಊಟದ ಬೆಲ್ಲಿಗೆ ಇನ್ನು ಹತ್ತು ನಿಮಿಷ ಅನ್ನುವಾಗ ತಗಡು ಒತ್ತುವ ನಾಲ್ಕನೇ ನಂಬರಿನ ಪ್ರೆಸ್ಸು ಬಿತ್ತು. ಅವಳ ಬಲಗೈ ಇನ್ನೂ ಒಳಗಿತ್ತು. ತೋರುಬೆರಳು, ನಡುಬೆರಳು ಬುಡದಿಂದಲೇ ಹೋದವು. ಉಂಗುರದ ಬೆರಳು ಜಜ್ಜಿತು. ಹೆಬ್ಬೆರಳು, ಕಿರುಬೆರಳು ಉಳಿದವು.

ಪಾಯಸವನ್ನು ಯಾರೂ ಚೆಲ್ಲಲಿಲ್ಲ. ಹಂಚಿದರು.

ಆ ಪ್ರೆಸ್ಸಿಗೆ ಎರಡು ಹಸಿರು ಬಟನ್ನು. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈಯೂ ಇರುವುದಿಲ್ಲ. ಆ ಯಂತ್ರ ಮಾಡಿದ ಪುಣ್ಯಾತ್ಮ ಯಾವ ಸೀಮೆಯವನೋ, ಅಷ್ಟು ಯೋಚಿಸಿದ್ದ. ಆದರೆ ಹಾಗೆ ಒತ್ತುತ್ತಾ ಕೂತರೆ ಗಂಟೆಗೆ ಇನ್ನೂರು ಕೀಲು ಕಡಿಮೆ ಬೀಳುತ್ತವೆ. ಬಾಗಿಲಿಗೆ ಹಾಕುವ ಕೀಲು. ಅದಕ್ಕೇ ಲೇಬರ್ ಕಂಟ್ರಾಕ್ಟರು ನಿಂಗರಾಜು ಬಲಗಡೆಯ ಬಟನ್ನನ್ನು ಒತ್ತಿ ಹಿಡಿದು, ಮೇಲೆ ನಾಲ್ಕು ಸುತ್ತು ಟೇಪು ಸುತ್ತಿದ್ದ. ಆಮೇಲೆ ಆ ಬಟನ್ನು ಯಾವಾಗಲೂ ಒತ್ತಿಕೊಂಡೇ ಇರುತ್ತಿತ್ತು. ಎಡಗೈ ಬಟನ್ನಿಗೆ. ಬಲಗೈ ತಗಡು ಇಡುವುದಕ್ಕೆ, ತೆಗೆಯುವುದಕ್ಕೆ. ಇಡು, ಒತ್ತು, ತೆಗೆ. ದಿನಕ್ಕೆ ಒಂಬತ್ತು ಗಂಟೆ. ಮೂರು ವರ್ಷ.

ಪ್ರಮೀಳಾಳ ಬೆರಳು ಹೋದ ದಿನ ಮಧ್ಯಾಹ್ನ ಆ ಟೇಪು ಬಿಚ್ಚಿದರು. ಯಾರೋ ಬಂದು ಫೋಟೋ ತೆಗೆದುಕೊಂಡು ಹೋದರು. ಮಾರನೆ ಬೆಳಿಗ್ಗೆ ಹೊಸ ಟೇಪು ಸುತ್ತಿದರು.

ನಿಂಗರಾಜು ಆಸ್ಪತ್ರೆಗೆ ಸೇಬು ತಂದ. ಮಂಚದ ತುದಿಯಲ್ಲಿ ಕೂತ.

"ಯಾಕವ್ವ ಅಂಗೆ ಕೈ ಇಕ್ಬುಟ್ಟೆ? ನಿಂಗೆ ಎಷ್ಟ್ ಸಲ ಯೋಳಿವ್ನಿ, ನೋಡ್ಕಂಡು ಮಾಡು ಅಂತ."

"ನೀನ್ ಯಾವತ್ತಣ್ಣ ಯೋಳಿದ್ದೆ? ಬಿರ್ರನೆ ಮಾಡು, ಬಿರ್ರನೆ ಮಾಡು ಅಂತಿದ್ದೆ."

"ನೋವ್ನಾಗೆ ಇದ್ದೀಯ. ಅದ್ಕೆ ಇಂಗ್ ಮಾತಾಡ್ತಿದ್ದೀಯ. ಸೇಬು ತಿನ್ನು."

ಸೇಬು ಹಿಡಿದು ಕಚ್ಚಲು ಅವಳ ಬಲಗೈ ಪಟ್ಟಿಯೊಳಗಿತ್ತು. ಎಡಗೈಗೆ ಸೂಜಿ ಚುಚ್ಚಿದ್ದರು. ಅವನು ಹೋದ ಮೇಲೆ ಅವ್ವ ನಾಗಲಕ್ಷ್ಮಮ್ಮ ಹೋಳು ಮಾಡಿ ಬಾಯಿಗಿಟ್ಟಳು. ಇಪ್ಪತ್ತೊಂಬತ್ತು ವರ್ಷದ ಹೆಂಗಸಿಗೆ, ಕೂಸಿಗೆ ಇಟ್ಟ ಹಾಗೆ. ಮಗಳು ಅಗಿಯುತ್ತಾ ಅತ್ತಳು.

ಪ್ರಮೀಳಾ ನಾಗಮಂಗಲ ತಾಲ್ಲೂಕು ಹೊಣಕೆರೆಯ ಕಮ್ಮಾರ ಕಾಳಪ್ಪನ ಒಬ್ಬಳೇ ಮಗಳು. ಕಾಳಪ್ಪ ಸತ್ತು ಎಂಟು ವರ್ಷ. ಬದುಕಿದ್ದಾಗ ಸುತ್ತಿನ ಹಳ್ಳಿಗಳ ಕುಡುಗೋಲು, ಮಚ್ಚು, ನೇಗಿಲ ಗುಳ ಎಲ್ಲ ಅವನ ಕುಲುಮೆಗೇ ಬರುತ್ತಿದ್ದವು. ಮಗಳು ತಿದಿ ಒತ್ತುತ್ತಿದ್ದಳು. ತಿದಿ ಒತ್ತಬಹುದು, ಸುತ್ತಿಗೆ ಮುಟ್ಟುವ ಹಾಗಿಲ್ಲ. ಹೆಣ್ಣು ಮುಟ್ಟಿದರೆ ಕಬ್ಬಿಣ ಮುನಿಯುತ್ತದೆ ಅಂತ ಅವರ ಮನೆಯ ಕಟ್ಟಳೆ. ಗಾಳಿ ಊದಿದವಳು ಅವಳು, ಬೆಂಕಿ ಎಬ್ಬಿಸಿದವಳು ಅವಳು, ಕಬ್ಬಿಣ ಮಾತ್ರ ಅಪ್ಪನದು. ಮುಟ್ಟದೆ ಕೂತು ಅವಳು ನೋಡಿ ಕಲಿತದ್ದು ಒಂದೇ. ಕುಡುಗೋಲಿನ ಬಾಯಿ ಎಳ್ಳಷ್ಟು ಓರೆಯಾದರೂ ಕಾಳಪ್ಪ ಅದನ್ನು ಮತ್ತೆ ಬೆಂಕಿಗೆ ತಳ್ಳುತ್ತಿದ್ದ. "ಬುಡು ಕಾಳಪ್ಪ, ಹುಲ್ಲು ಕುಯ್ಯಾಕೆ ಇಷ್ಟು ಸಾಕು, ಬಸ್ಸಿಗ್ ಹೊತ್ತಾಯ್ತು" ಅಂತ ರೈತ ಗೋಗರೆದರೂ ಬಿಡುತ್ತಿರಲಿಲ್ಲ. ಬೈಸಿಕೊಂಡಾದರೂ ತಿದ್ದುತ್ತಿದ್ದ. ಹಾಗೆ ತಿದ್ದಿ ತಿದ್ದಿಯೇ ಹೊಟ್ಟೆಗಿಲ್ಲದೆ ಸತ್ತ. ಅಂಗಡಿಯಲ್ಲಿ ರೆಡಿ ಕುಡುಗೋಲು ಬಂದಿದ್ದವು.

ಅವಳನ್ನು ಅಕ್ಕಿಹೆಬ್ಬಾಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಎರಡನೇ ವರ್ಷಕ್ಕೇ ಬೇರೊಬ್ಬಳನ್ನು ಕಟ್ಟಿಕೊಂಡ. ಪ್ರಮೀಳಾ ಅವ್ವನ ಜೊತೆ ಪಾಂಡವಪುರದಲ್ಲಿ ಒಂದು ರೂಮು ಹಿಡಿದಳು. ಶ್ರೀರಂಗಪಟ್ಟಣದ ಕಡೆಯ ಈ ಕಂಪನಿಗೆ ಸೇರಿದ ಮೊದಲ ದಿನ ತಗಡು ಮುಟ್ಟಿದಳು. ಕಬ್ಬಿಣ ಮುನಿಯಲಿಲ್ಲ. ತಣ್ಣಗೆ ಕೈಯಲ್ಲಿ ಕೂತಿತು. ಆ ದಿನ ಮನೆಗೆ ಬಂದು ಅಂಗೈ ಮೂಸಿ ನೋಡಿದಳು. ಅಪ್ಪನ ವಾಸನೆ. ಅವಳಿಗೆ ಖುಷಿಯಾಗಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಗಾಯ ಒಣಗಿದ ಮೇಲೆ ಕಂಪನಿಯವರು ಅವಳನ್ನು ಪಾಂಡವಪುರದ ಒಂದು ಕೇಂದ್ರಕ್ಕೆ ಕಳಿಸಿದರು. ನಾಲ್ಕೈದು ಕಂಪನಿಗಳು ಸೇರಿ ಟ್ರಸ್ಟು ಮಾಡಿ ನಡೆಸುವ ಜಾಗ. ಬಾಗಿಲ ಮೇಲೆ 'ಆಕ್ಯುಪೇಷನಲ್ ಥೆರಪಿ ಮತ್ತು ದುಡಿಮೆ ಪುನರ್ವಸತಿ' ಅಂತ ಬೋರ್ಡು. ಬರುವವರು ಅದನ್ನು ಕೈ ಇಸ್ಕೂಲು ಅನ್ನುತ್ತಿದ್ದರು. ಕಬ್ಬಿನ ಗಾಣಕ್ಕೆ ಕೈ ಕೊಟ್ಟವರು, ಮೇವು ಕತ್ತರಿಸುವ ಮಿಷನ್ನಿಗೆ ಕೊಟ್ಟವರು, ಗಾರೆ ಕೆಲಸದಲ್ಲಿ ಬಿದ್ದವರು. ಎಲ್ಲರೂ ಗೋಡೆಯುದ್ದಕ್ಕೂ ಬೆಂಚಿನ ಮೇಲೆ ಕೂತು ಕೈ ಕಲಿಯುತ್ತಿದ್ದರು.

ಕಲಿಸುವವಳು ಕೀರ್ತನ. ಕೆ.ಆರ್. ಪೇಟೆಯ ಅಕ್ಕಸಾಲಿಗರ ಮಗಳು, ಇಪ್ಪತ್ತೈದು ತುಂಬಿರಲಿಲ್ಲ. ಮೊದಲ ದಿನ ಅವಳು ಪ್ರಮೀಳಾಳ ಕೈಯನ್ನು ತನ್ನೆರಡೂ ಕೈಯಲ್ಲಿ ತೆಗೆದುಕೊಂಡು ತುಂಬ ಹೊತ್ತು ನೋಡಿದಳು. ಅವಳಪ್ಪ ಉಂಗುರ ನೋಡುವ ಹಾಗೆ ಇರಬೇಕು. ಕಂಪನಿ ಹೆಸರು ಕೇಳಲಿಲ್ಲ. ಪ್ರೆಸ್ಸಿನ ನಂಬರು ಕೇಳಲಿಲ್ಲ.

"ಅಕ್ಕ, ಈ ಕೈಯಲ್ಲಿ ಏನೇನು ಮಾಡ್ತಿದ್ರಿ ಹೇಳಿ. ಮನೇಲಿ. ಬೆಳಿಗ್ಗೆ ಎದ್ದಾಗಿಂದ."

ಹಾಗೆ ಯಾರೂ ಕೇಳಿರಲಿಲ್ಲ. ಪ್ರಮೀಳಾಗೆ ಹೇಳಲು ನಾಚಿಕೆಯಾಯಿತು. ಜಡೆ ಹಾಕ್ತಿದ್ದೆ. ಸೀರೆ ನೆರಿಗೆ ಹಿಡೀತಿದ್ದೆ. ಮುದ್ದೆ ತಿರುವ್ತಿದ್ದೆ. ಅವ್ವನ ತಲೆಯಲ್ಲಿ ಹೇನು ಹೆಕ್ಕುತ್ತಿದ್ದೆ.

"ಸರಿ. ಜಡೆಯಿಂದ ಶುರು ಮಾಡೋಣ."

ಜಡೆಯಿಂದ ಶುರುವಾಗಲಿಲ್ಲ. ರಾಗಿಯಿಂದ ಶುರುವಾಯಿತು. ಬೆರಳು ಹೋದ ಜಾಗಕ್ಕೆ ಗಾಳಿ ತಾಗಿದರೂ ಜೀವ ಹೋಗುತ್ತಿತ್ತು. ಕೀರ್ತನ ಒಂದು ಬೇಸಿನ್ನಿನ ತುಂಬ ರಾಗಿ ಸುರಿದು, ಅದರೊಳಗೆ ಕೈ ಇಳಿಸು ಅಂದಳು. ಪ್ರಮೀಳಾ ಕಿರುಚಿದಳು. ಮಾರನೆ ದಿನ ಮತ್ತೆ ಇಳಿಸಿದಳು. ಹದಿನೈದು ದಿನ ರಾಗಿ. ಆಮೇಲೆ ಅಕ್ಕಿ. ಆಮೇಲೆ ಮರಳು. ಕಣ್ಣು ಮುಚ್ಚಿ ರಾಗಿಯಲ್ಲಿ ಕೈಯಾಡಿಸುವಾಗ ಹೋದ ಬೆರಳುಗಳು ಒಳಗೆಲ್ಲೋ ಇದ್ದು ತನ್ನನ್ನೇ ಹುಡುಕುತ್ತಿವೆ ಅನ್ನಿಸುತ್ತಿತ್ತು. ಸಣ್ಣವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕಡಿದದ್ದೆಲ್ಲ ಕೂಡುತ್ತಿತ್ತು. ಹುತ್ತದ ಮಣ್ಣು ಸವರಿದರೆ ರಾಜಕುಮಾರಿಯ ತೋಳು ಚಿಗುರುತ್ತಿತ್ತು. ಇಲ್ಲಿ ಕೀರ್ತನ ಬೇಸಿನ್ನಿಂದ ಕೈ ತೆಗೆಸಿ, ಮೂರು ಬೆರಳನ್ನೂ ಒಂದೊಂದಾಗಿ ಒರೆಸಿ, "ನಾಳೆ ಇನ್ನೂ ಐದು ನಿಮಿಷ ಜಾಸ್ತಿ" ಅನ್ನುತ್ತಿದ್ದಳು.

ಪಕ್ಕದ ಬೆಂಚಿನ ಮಂಚಯ್ಯನಿಗೆ ಅರವತ್ತು ದಾಟಿತ್ತು. ಮೇವಿನ ಮಿಷನ್ನು ಅವನ ನಾಲ್ಕು ಬೆರಳು ತಿಂದಿತ್ತು. ಅವನಿಗೆ ಒಬ್ಬರನ್ನೂ ಕೆಣಕದೆ ಕೂರಲು ಬರುತ್ತಿರಲಿಲ್ಲ.

"ಏನವ್ವ, ನಮ್ ಕ್ಲಾಸ್ನಾಗೆ ನೀನೇ ಫಸ್ಟು ಬರಂಗ್ ಕಾಣ್ತೀಯ. ನಂಗೂ ಒಸಿ ಕಾಪಿ ತೋರ್ಸು."

"ನಿಂಗೆ ತೋರ್ಸಿ ಏನ್ ಪ್ರಯೋಜ್ನ ಮಂಚಣ್ಣ, ಹೆಬ್ಬೆಟ್ ಒಂದೇ ಪಾಸಾಗಿರೋದು."

"ಅದೊಂದಿದ್ರೆ ಸಾಕು ಬುಡವ್ವ. ಸರ್ಕಾರ ನಮ್ಮತ್ರ ಕೇಳೋದು ಅದೊಂದ್ನೇಯ."

ನಾಲ್ಕು ತಿಂಗಳು. ಹಿಟ್ಟಿನಂಥ ಮೇಣ ಹಿಸುಕಿದಳು. ಕಡ್ಡಿ ಹೆಕ್ಕಿದಳು. ಗುಂಡಿ ಹಾಕಿದಳು, ಬಿಚ್ಚಿದಳು. ಹೆಬ್ಬೆರಳಿಗೂ ಮಡಚದ ಉಂಗುರದ ಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿ ತನ್ನ ಹೆಸರು ಬರೆದಳು. ಮೊದಲು ಇರುವೆ ಸಾಲು. ಆಮೇಲೆ ಅಕ್ಷರ. ಒಂದು ದಿನ ಕೀರ್ತನ ಮುದ್ದೆ ಕೋಲಿಗೆ ಹಳೇ ಟ್ಯೂಬು ಸುತ್ತಿ ದಪ್ಪ ಮಾಡಿ ಕೊಟ್ಟಳು. ಮನೆಯಲ್ಲಿ ಪ್ರಮೀಳಾ ಮುದ್ದೆ ತಿರುವಿದಳು. ಗಂಟುಗಂಟಾಗಿತ್ತು. ನಾಗಲಕ್ಷ್ಮಮ್ಮ ಒಂದು ತುತ್ತೂ ಬಿಡದೆ ಉಂಡಳು.

ಕೈ ಬಂದಿತ್ತು. ಪೂರ್ತಿ ಅಲ್ಲ. ಅರ್ಧ ಗಂಟೆ ಒಂದೇ ಸಮ ಕೆಲಸ ಮಾಡಿದರೆ ನಡುಕ ಹತ್ತುತ್ತಿತ್ತು. ಉಂಗುರದ ಬೆರಳು ಮಡಚಿಕೊಂಡು, ಬಿಡು ಅಂದರೂ ಬಿಡುತ್ತಿರಲಿಲ್ಲ. ಕೀರ್ತನ ಅದನ್ನೆಲ್ಲ ಗಡಿಯಾರ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು.

ಕಂಪನಿಯ ರೂಲು ಹೀಗಿತ್ತು. ಕೈ ಇಸ್ಕೂಲು ಮುಗಿಸಿದವರನ್ನು ಕಂಪನಿಯ ಡಾಕ್ಟರು ನೋಡುತ್ತಾರೆ. ನೂರಕ್ಕೆ ನಲವತ್ತು ಊನ ಇದೆ ಅಂದರೆ ಚೆಕಿಂಗ್ ಟೇಬಲ್ಲು. ಬಂದ ಕೀಲುಗಳನ್ನು ನೋಡಿ ಸೊಟ್ಟಗಿದ್ದದ್ದನ್ನು ಆಚೆ ಹಾಕುವ ಕೆಲಸ. ನಲವತ್ತಕ್ಕಿಂತ ಕಮ್ಮಿ ಅಂದರೆ ಹಳೇ ಜಾಗ. ನಾಲ್ಕನೇ ನಂಬರು. ಬೇಡ ಅಂದರೆ ಮನೆ.

ಡಾಕ್ಟರು ನೋಡುವ ಹಿಂದಿನ ದಿನ ಕೀರ್ತನ ಅವಳನ್ನು ಕೂರಿಸಿಕೊಂಡು ಹೇಳಿದಳು.

"ಅಕ್ಕ, ಸುಳ್ಳು ಹೇಳಿ ಅಂತಿಲ್ಲ ನಾನು. ನೋವಾದ್ರೆ ನೋವು ಅನ್ನಿ. ನಿಧಾನ ಆದ್ರೆ ನಿಧಾನ ಮಾಡಿ. ಅವ್ರು ಕೇಳದಿದ್ರೂ, ಅರ್ಧ ಗಂಟೆ ಆದ್ಮೇಲೆ ಕೈ ನಡುಗುತ್ತೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಇಷ್ಟೇ."

"ಆಯ್ತು ಮೇಡಮ್ಮೋರೆ."

ಬೆಳಿಗ್ಗೆ ನಾಗಲಕ್ಷ್ಮಮ್ಮ ಕಾಫಿ ಕೊಡುತ್ತಾ ಇನ್ನೊಂದು ಥರ ಹೇಳಿದಳು.

"ಕೈ ಬಾರದೋಳಂಗೆ ಕುಂತ್ಕೊ ಮಗ. ಅಳು ಬಂದ್ರೆ ಅತ್ಬುಡು. ಅಲ್ಲೋಗಿ ನಿಮ್ಮಪ್ಪನಂಗೆ ಆಡ್ಬ್ಯಾಡ."

ಡಾಕ್ಟರು ಒಳ್ಳೆಯವನ ಹಾಗೇ ಇದ್ದ. ಪಕ್ಕದಲ್ಲಿ ಕೆಲಸಗಾರರ ವಿಚಾರ ನೋಡುವ ಎಚ್.ಆರ್. ಅಶೋಕ್, ಮಡಿಲಲ್ಲಿ ಫೈಲು. ಮೇಜಿನ ಮೇಲೆ ತೂತಿರುವ ಹಲಗೆ, ಕಡ್ಡಿಗಳು, ಗುಂಡಿ ಹೊಲಿದ ಬಟ್ಟೆ, ಒಂದಿಷ್ಟು ಬೋಲ್ಟು ನಟ್ಟು. ಡಾಕ್ಟರು ವಾಚು ನೋಡಿಕೊಂಡ.

ಮೊದಲ ಕಡ್ಡಿಯನ್ನು ಪ್ರಮೀಳಾ ನಿಧಾನವಾಗಿಯೇ ಇಟ್ಟಳು. ಅವ್ವನ ಮಾತು ತಲೆಯಲ್ಲಿತ್ತು. ಎರಡನೆಯದನ್ನು ಬೇಕೆಂದೇ ಓರೆ ಇಟ್ಟಳು. ಓರೆಯಾಗಿ ನಿಂತ ಆ ಕಡ್ಡಿ ಅವಳನ್ನೇ ನೋಡಿತು. ಮೂರನೆಯದನ್ನು ಇಡಲು ಹೋದವಳು ತಡೆಯಲಾರದೆ ಎರಡನೆಯದನ್ನು ನೆಟ್ಟಗೆ ಮಾಡಿದಳು. ಅಲ್ಲಿಂದ ಕೈ ಅವಳ ಮಾತು ಕೇಳಲಿಲ್ಲ. ನಾಲ್ಕು ತಿಂಗಳು ಕಲಿತ ಪಾಠ ಒಪ್ಪಿಸುವ ಹಾಗೆ ಓಡಿತು. ಬಟ್ಟೆಯ ಗುಂಡಿಗಳನ್ನೂ ಹಾಕಿ ಮುಗಿಸಿದಳು.

ಬೋಲ್ಟು ಬಂತು. "ಹೀಗೆ ಹಾಕಬೇಕು" ಅಂತ ಡಾಕ್ಟರೇ ಒಂದು ನಟ್ಟು ತಿರುಗಿಸಿ ತೋರಿಸಿದ. ಅವನಿಗೆ ಆ ಕೆಲಸ ಗೊತ್ತಿರಲಿಲ್ಲ. ನಟ್ಟು ಓರೆಯಾಗಿ ಹತ್ತಿ, ಎಳೆ ಮೇಲೆ ಎಳೆ ಕಚ್ಚಿಕೊಂಡಿತು. ಇನ್ನೊಂದು ಸುತ್ತು ತಿರುಗಿಸಿದ್ದರೆ ಬೋಲ್ಟಿನ ಎಳೆಯೇ ಕೆಟ್ಟುಹೋಗುತ್ತಿತ್ತು.

"ಅಂಗಲ್ಲ ಸ್ವಾಮಿ," ಅಂದಳು ಪ್ರಮೀಳಾ. ಬೋಲ್ಟು ಇಸಿದುಕೊಂಡಳು. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ನಟ್ಟು ಹಿಡಿದು ಹಿಂದಕ್ಕೆ ತಿರುಗಿಸಿ ಬಿಚ್ಚಿದಳು. ಸೆರಗಿನಲ್ಲಿ ಬೋಲ್ಟಿನ ಎಳೆ ಒರೆಸಿದಳು. ಸಮ ಹಿಡಿದು, ಒಂದು ಸುತ್ತು ಹಿಂದೆ ಕೊಟ್ಟು, ಕಟ್ ಅನ್ನಿಸಿ, ಮುಂದಕ್ಕೆ ಬಿಟ್ಟಳು. ನಟ್ಟು ನೀರಿನ ಹಾಗೆ ಇಳಿಯಿತು.

ಅಶೋಕ್ ನಕ್ಕ. ಡಾಕ್ಟರೂ ನಕ್ಕ. "ನಮಗೇ ಪಾಠ ಹೇಳ್ತಾರಲ್ಲ ಇವರು!" ಅಂದ. ಅವಳ ಮುಖದಲ್ಲೂ ನಗು ಬಂತು. ಒಂದು ಗಳಿಗೆ. ಅಷ್ಟರಲ್ಲಿ ಡಾಕ್ಟರು ವಾಚು ನೋಡಿದ. ಐದು ನಿಮಿಷ.

"ನೋವಿದೆಯೇನಮ್ಮ?"

ಹೇಳಬೇಕಿತ್ತು. ಹೊಗಳಿದವರ ಮುಂದೆ ಆಗುವುದಿಲ್ಲ ಅನ್ನುವುದು ಹೇಗೆ? ಕಾಳಪ್ಪನಿಗೂ ಅದು ಬಂದಿರಲಿಲ್ಲ.

"ಅಂತಾದ್ದೇನಿಲ್ಲ ಸ್ವಾಮಿ," ಅಂದಳು.

ಬಸ್ಸಿನಲ್ಲಿ ಕೂತ ಮೇಲೆ ಕೈ ನಡುಗಲು ಶುರುವಾಯಿತು. ಪಾಂಡವಪುರ ಬರುವವರೆಗೂ ನಡುಗಿತು. ಅದನ್ನು ತೊಡೆಯ ಕೆಳಗಿಟ್ಟುಕೊಂಡು, ಮೇಲೆ ಕೂತು, ಕಿಟಕಿಯಾಚೆ ನೋಡಿದಳು. ಆ ನಡುಕವನ್ನು ಯಾರೂ ಅಳೆಯಲಿಲ್ಲ.

ಮೂವತ್ತಾರು ಬಂತು. ನೂರಕ್ಕೆ ಮೂವತ್ತಾರು ಊನ. ಕೆಲಸಕ್ಕೆ ಯೋಗ್ಯಳು.

ಕೀರ್ತನ ಸುದ್ದಿ ಕೇಳಿದವಳೇ ಕಂಪನಿಗೆ ಹೋದಳು. ಅವಳು ಬರೆದ ವರದಿಗೆ ಎರಡು ಹಾಳೆ. ಮೊದಲನೆಯದರಲ್ಲಿ ಕೈ ಏನೇನು ಮಾಡುತ್ತದೆ ಅಂತ. ಎರಡನೆಯದರಲ್ಲಿ ಎಷ್ಟು ಹೊತ್ತು ಮಾಡುತ್ತದೆ, ಎಲ್ಲಿ ಅದನ್ನು ಇಡಬಾರದು ಅಂತ. ಪ್ರೆಸ್ಸಿಗೆ ಕೂರಿಸಬಾರದು. ಅರ್ಧ ಗಂಟೆಗೊಮ್ಮೆ ಬಿಡುವು ಬೇಕು. ಕೂರಿಸಿದರೂ ಎರಡೂ ಬಟನ್ನು ಕೆಲಸ ಮಾಡಬೇಕು. ಅಶೋಕನ ಫೈಲಿನಲ್ಲಿ ಒಂದೇ ಹಾಳೆ ಇತ್ತು.

ಸಂಜೆ ಅವಳು ಪ್ರಮೀಳಾಳ ರೂಮಿಗೇ ಬಂದಳು. ಕೊಟ್ಟ ಕಾಫಿ ಕುಡಿಯಲಿಲ್ಲ.

"ಎರಡನೇ ಹಾಳೆ ಎಲ್ಲಿ ಅಂತ ಕೇಳ್ದೆ. ಕೈ ಸರಿ ಮಾಡೋದು ನಿಮ್ಮ ಕೆಲಸ, ಆ ಕೈನ ಎಲ್ಲಿಡಬೇಕು ಅನ್ನೋದು ನಮ್ಮ ಕೆಲಸ ಅಂದ್ರು. ಟ್ರಸ್ಟಿಗೆ ಹೇಳ್ದೆ. ಟ್ರಸ್ಟಲ್ಲಿರೋರೂ ಅವರೇ. ಅಕ್ಕ, ನಾನು ಇಷ್ಟು ಚೆನ್ನಾಗಿ ಕಲಿಸದೇ ಇದ್ದಿದ್ರೆ ನಿಮಗೆ ಆ ಟೇಬಲ್ಲು ಸಿಗ್ತಿತ್ತು."

ನಾಗಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ, "ಊ ಕಣವ್ವ, ಸಿಕ್ತಿತ್ತು," ಅಂದಳು. ಅವಳಿಗೆ ಮುಚ್ಚಿಟ್ಟು ಮಾತಾಡಲು ಬರುವುದಿಲ್ಲ.

"ಸುಮ್ಕಿರವ್ವ. ಮೇಡಮ್ಮೋರೆ, ನೀವು ಕಲಿಸದೆ ಹೋಗಿದ್ರೆ ನನ್ ತಲೆ ಇವತ್ತೂ ಅವ್ವನೇ ಬಾಚ್ಬೇಕಿತ್ತು. ಕಾಫಿ ಕುಡೀರಿ, ಆರೋಯ್ತದೆ."

ಕೀರ್ತನ ಕುಡಿದಳು. ಅಳುತ್ತಾ ಕುಡಿದಳು.

ಸೋಮವಾರ ಪ್ರಮೀಳಾ ಕೆಲಸಕ್ಕೆ ಹೋದಳು. ಗೇಟಿನ ಒಳಗೆ ದೊಡ್ಡ ಪೋಸ್ಟರು. 'ಮರಳಿ ದುಡಿಮೆಗೆ.' ನಟ್ಟು ತಿರುಗಿಸುತ್ತಿರುವ ಮೂರು ಬೆರಳಿನ ಕೈ. ಮಣಿಕಟ್ಟಿನಿಂದ ಮೇಲೆ ಏನೂ ಇಲ್ಲ. ಫೋಟೋ ಯಾವಾಗ ತೆಗೆದರೋ ಅವಳಿಗೆ ಗೊತ್ತಾಗಿರಲಿಲ್ಲ. ಬಳೆಯಿಂದ ಗುರುತು ಹಿಡಿದಳು.

"ಬಾರವ್ವ, ಬಾ," ಅಂದ ನಿಂಗರಾಜು. "ನಿನ್ ಸೀಟು ಕಾಯ್ತಾ ಕುಂತದೆ."

ಪಕ್ಕದ ಐದನೇ ನಂಬರಿನಲ್ಲಿ ಚಂದ್ರಕಲ ಇದ್ದಳು. ಹಳೇ ಗೆಳತಿ. ಒಂದೇ ಡಬ್ಬಿಯಲ್ಲಿ ಉಂಡವರು. ಬೆರಳು ಹೋದ ದಿನ ಬಟ್ಟೆ ಸುತ್ತಿ ಕೈ ಎತ್ತಿ ಹಿಡಿದುಕೊಂಡಿದ್ದವಳು ಅವಳೇ. "ಇನ್ನೊಂದ್ಸಲ ಯಾರ್ಗಾರ ಇಂಗಾದ್ರೆ ಎಲ್ಲಾರೂ ಎದ್ಬುಡಾವ ಕಣಕ್ಕ" ಅಂದಿದ್ದವಳೂ ಅವಳೇ.

ಪ್ರಮೀಳಾ ಕೂತಳು. ಇಡು, ಒತ್ತು, ತೆಗೆ. ಮೈ ಆ ಕೆಲಸವನ್ನು ಮರೆತಿರಲಿಲ್ಲ. ಇಡು, ಒತ್ತು, ತೆಗೆ. ನೂರು ಬಿದ್ದವು. ಇನ್ನೂರು. ಬೆನ್ನಲ್ಲಿ ಬೆವರು ಇಳಿಯಿತು. ಮುನ್ನೂರರ ಹೊತ್ತಿಗೆ ನಡುಕ ಶುರುವಾಯಿತು. ತಗಡು ಇಟ್ಟಳು. ಉಂಗುರದ ಬೆರಳು ತಗಡನ್ನು ಬಿಡಲಿಲ್ಲ. ಎಡಗೈ ಆಗಲೇ ಬಟನ್ನಿನ ಮೇಲೆ ಹೋಗಿತ್ತು. ಒತ್ತಲಿಕ್ಕೆ ಒಂದು ಕೂದಲೆಳೆಯಷ್ಟೇ ಬಾಕಿ ಇತ್ತು.

ಒತ್ತಲಿಲ್ಲ.

ಕೈ ಹೊರಗೆಳೆದುಕೊಂಡಳು. ಎಡಗೈಯಿಂದ ಆ ಬೆರಳನ್ನು ಬಿಡಿಸಿದಳು. ತಗಡು ಕೆಳಗೆ ಬಿತ್ತು.

"ಏನಾಯ್ತು? ಯಾಕೆ ನಿಲ್ಸ್ದೆ?" ನಿಂಗರಾಜು ಬಂದ.

"ಟೇಪ್ ಬಿಚ್ಚಣ್ಣ."

"ಏನಂದೆ?"

"ಈ ಟೇಪ್ ಬಿಚ್ಚು ಅಂದೆ. ಎಲ್ಡೂ ಬಟನ್ ಒತ್ತಿ ಮಾಡ್ತೀನಿ. ಎಷ್ಟ್ ಬಿದ್ರೆ ಅಷ್ಟು."

"ನಿನ್ನೊಬ್ಳಿಗೋಸ್ಕರ ಲೈನ್ ನಿಲ್ಸಾಕಾಯ್ತದಾ? ಕುಂತ್ಕಳಮ್ಮಿ ಸುಮ್ಕೆ."

"ಇದು ತಿಂದಿರೋದು ಸಾಕು ನಿಂಗರಾಜಣ್ಣ. ಉಳಿದಿರೋದು ನಂದು."

ಅವಳು ಅವನಿಗೆ ಕಾಯಲಿಲ್ಲ. ಟೇಪಿನ ಕೊನೆಯನ್ನು ಹೆಬ್ಬೆರಳ ಉಗುರಿನಿಂದ ಎಬ್ಬಿಸಿದಳು. ಕಡ್ಡಿ ಹೆಕ್ಕಿದ ಹಾಗೆ ಹಿಡಿದಳು. ಎಳೆದಳು. ಒಂದು ಸುತ್ತು. ಎರಡು ಸುತ್ತು. ಮೂರು. ನಾಲ್ಕು. ಒಳಗಿನಿಂದ ಹಸಿರು ಬಟನ್ನು ಮೇಲೆದ್ದಿತು. ಅವಳು ಎದ್ದು ನಿಂತು ಮೇನ್ ಸ್ವಿಚ್ಚು ಆಫ್ ಮಾಡಿದಳು. ಇಡೀ ಸಾಲು ನಿಂತಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಶೆಡ್ಡಿನಲ್ಲಿ ಗುಬ್ಬಚ್ಚಿ ಇದೆ ಅಂತ ಗೊತ್ತಾಯಿತು.

"ನಾನ್ ಮಾಡಾಕಿಲ್ಲ. ನೀವೂ ಮಾಡ್ಬ್ಯಾಡಿ," ಅಂದಳು ಸಾಲಿನ ಕಡೆ ತಿರುಗಿ.

ಹದಿನಾಲ್ಕು ಹೆಂಗಸರು. ಒಬ್ಬಳು ಉಗುರು ನೋಡಿಕೊಂಡಳು. ಒಬ್ಬಳು ನೀರಿನ ಬಾಟಲಿ ತೆಗೆದಳು. ಚಂದ್ರಕಲ ಅರ್ಧ ಎದ್ದಳು. ನಿಂಗರಾಜು ಅವಳ ಕಡೆ ನೋಡಿದ. ಅವಳು ಕೂತಳು.

ಸ್ವಿಚ್ಚು ಮತ್ತೆ ಆನ್ ಆಯಿತು.

ನಿಂಗರಾಜು ಅವಳನ್ನು ಆಫೀಸಿಗೆ ಕರೆದೊಯ್ದ. ಅಲ್ಲಿ ಅಶೋಕ್ ಕೂಗಾಡಲಿಲ್ಲ. ಕುರ್ಚಿ ತೋರಿಸಿದ. ಟೈಪು ಮಾಡಿದ ಹಾಳೆ ಮುಂದಿಟ್ಟ. 'ನಾನು ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಕಂಪನಿಯ ಮೇಲೆ ನನ್ನದು ಯಾವುದೇ ತಕರಾರು ಇರುವುದಿಲ್ಲ.'

"ಸೈನ್ ಮಾಡಿ ಪ್ರಮೀಳಾ. ಬರೆಯೋಕೆ ಚೆನ್ನಾಗಿ ಬರುತ್ತಲ್ಲ ಈಗ. ರಿಪೋರ್ಟಲ್ಲಿ ಇದೆ."

ಅವಳು ಪೆನ್ನು ತೆಗೆದುಕೊಂಡಳು. ಹೆಬ್ಬೆರಳು, ಉಂಗುರದ ಬೆರಳು. ಸಹಿಯ ಜಾಗದಲ್ಲಿ ದುಂಡಗೆ, ನಿಧಾನವಾಗಿ, ಒಂದು ಅಕ್ಷರವೂ ಓರೆಯಾಗದ ಹಾಗೆ ಬರೆದಳು. 'ಬಟನ್ನಿಗೆ ಟೇಪು ಸುತ್ತಿದ್ದರು.'

ಅಶೋಕ್ ಓದಿದ. ಹರಿದ. ಇನ್ನೊಂದು ಪ್ರಿಂಟು ತೆಗೆದ. ಅವಳು ಮತ್ತೆ ಅದನ್ನೇ ಬರೆದಳು. ಅವನು ಮತ್ತೆ ಹರಿದ. ಮೂರನೇ ಹಾಳೆ ಬಂದಾಗ ಅವಳಿಗೆ ಪೆನ್ನು ಕೊಡಲಿಲ್ಲ.

ನಿಂಗರಾಜು ಅವಳ ಎಡಗೈಯ ಮಣಿಕಟ್ಟು ಹಿಡಿದ. ಅವಳು ಎಳೆದುಕೊಂಡಳು. ಬಲಗೈಯಿಂದ ಅವನನ್ನು ತಳ್ಳಿದಳು. ಆ ಕೈಗೆ ಅಷ್ಟು ಶಕ್ತಿ ಇರಲಿಲ್ಲ, ಮುನ್ನೂರು ಕೀಲು ಬಿದ್ದ ಮೇಲೆ ಅದು ಬರೀ ನಡುಗುತ್ತಿತ್ತು. ಬಳೆ ಒಡೆಯಿತು. ಅಶೋಕ್ ಸೀಲಿನ ಪ್ಯಾಡು ತೆರೆದು ಹಿಡಿದ. ನೀಲಿ ಮಸಿ. ಎಡ ಹೆಬ್ಬೆರಳನ್ನು ಅದ್ದಿ ಹಾಳೆಗೆ ಒತ್ತಿದರು. ಕೆಳಗೆ ಅಶೋಕ್ ತನ್ನ ಕೈಯಾರೆ ಬರೆದ. 'ಓದು ಬರಹ ಬಾರದವರಾದ್ದರಿಂದ ಓದಿ ಹೇಳಲಾಗಿದೆ.'

"ಸಾಕ್ಷಿಗೆ ಯಾರನ್ನಾದ್ರೂ ಕರೀರಿ," ಅಂದ.

ಚಂದ್ರಕಲ ಬಂದಳು. ಮೇಜಿನ ಹತ್ತಿರ ಬಂದು, ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು. ತಲೆ ಎತ್ತಲಿಲ್ಲ.

"ನಾಲ್ಕನೇ ನಂಬರಿಗೆ ಹೋಗಿ ಕೂತ್ಕೊ," ಅಂದ ಅಶೋಕ್ ಅವಳಿಗೆ.

ಇಬ್ಬರೂ ಒಟ್ಟಿಗೆ ಆಚೆ ಬಂದರು. ಕಾರಿಡಾರಿನಲ್ಲಿ ಒಂದು ಕಡೆ ಗೇಟು, ಒಂದು ಕಡೆ ಶೆಡ್ಡು. ಚಂದ್ರಕಲ ನಿಂತಳು.

"ನಂಗ್ ಎಲ್ಡ್ ಮಕ್ಳು ಕಣಕ್ಕ."

"ಗೊತ್ತು ಕಣಮ್ಮಿ."

"ಬೈಯ್ಯಿ. ಏನಾದ್ರೂ ಅನ್ನು."

ಪ್ರಮೀಳಾ ಅವಳ ಬಲಗೈ ಹಿಡಿದುಕೊಂಡಳು. ಐದೂ ಬೆರಳನ್ನು ಒಂದೊಂದಾಗಿ ಮುಟ್ಟಿದಳು.

"ಟೇಪ್ ಮತ್ತೆ ಸುತ್ತುದ್ರೂ ಕೈ ಆಚೆ ತೆಗ್ದು ಒತ್ತು," ಅಂದಳು. "ಪ್ರತಿ ಸಲಾನೂ. ಪೂರ್ತಿ ಆಚೆ ತೆಗ್ದು ಆಮೇಲೊತ್ತು."

ಚಂದ್ರಕಲ ಕೈ ಬಿಡಿಸಿಕೊಂಡಳು.

"ಅಂಗೊತ್ತುದ್ರೆ ಟಾರ್ಗೆಟ್ಟು ಮುಟ್ಟಾಕಿಲ್ಲ ಕಣಕ್ಕ," ಅಂದಳು.